ಮಿಕ್ಕ ನೀರು

ಮೇಟಗಳ್ಳಿ ದಾಟಿ, ಹೆಬ್ಬಾಳದ ಕೈಗಾರಿಕೆ ಬಡಾವಣೆಯಲ್ಲಿ
ಅಗರಬತ್ತಿ ಗೋದಾಮಿನ ಪಕ್ಕ ನಮ್ಮ ಪ್ರಯೋಗಶಾಲೆ.
ಗಾಳಿ ತಿರುಗಿದ ದಿನ
ಆಮ್ಲದ ಬಾಟಲಿಗೂ ಮಲ್ಲಿಗೆಯ ವಾಸನೆ.

ಹಡಗು ಹತ್ತಿ ಬಂದ ನೀರಿದು, ಹತ್ತು ಕ್ಯಾನು.
ಯಾವುದೋ ದೇಶದ ಮರಳುಗಾಡಿನಡಿ
ಸೂರ್ಯನ ಮುಖ ಕಾಣದೆ ಕೂತಿದ್ದ ನೀರು.
ಉಪ್ಪು ಅಂದರೆ ಸಾಲದು,
ಬೆರಳದ್ದಿ ಒಣಗಲು ಬಿಟ್ಟರೆ ಉಗುರಿಗೊಂದು ಬಿಳಿ ಟೋಪಿ.
ಸೋಡಿಯಂ ಸಂತೆ, ಮೆಗ್ನೀಸಿಯಂ ಮಂದಿ,
ನಡುವೆ ಎಲ್ಲೋ, ಹತ್ತು ಸಾವಿರಕ್ಕೆ ಮೂರರ ಲೆಕ್ಕದಲ್ಲಿ
ಲೀಥಿಯಂ:
ನಾವೇ ಮಾತಾಡಿಸದಿದ್ದರೆ
ಊಟ ಮಾಡದೆ ಹೊರಟುಬಿಡುವ ನೆಂಟ.

ಅಲ್ಲಿಯವರು ಕೆರೆಯಗಲ ಪಾತಿ ಕಟ್ಟಿ
ಒಂದೂವರೆ ವರ್ಷ ಬಿಸಿಲಿಗೆ ಹರವುತ್ತಾರಂತೆ.
ನಮ್ಮದು ಮೊಳದುದ್ದದ ಗಾಜಿನ ಕೊಳವೆ,
ಅದರ ತುಂಬ ಟೈಟಾನಿಯಂ ಮಣಿ,
ರಾಗಿಗಿಂತ ದಪ್ಪ, ಸಾಸಿವೆಗಿಂತ ಸಣ್ಣ.
ಹುಟ್ಟುವಾಗಲೇ ಲೀಥಿಯಂ ಹೊತ್ತ ಮಣಿಗಳು.
ಆಮ್ಲ ಬಿಟ್ಟು ಅದನ್ನು ಎಬ್ಬಿಸಿ ಕಳಿಸಿದರೆ
ಒಳಗೆ ಅದರದೇ ಅಳತೆಯ ಖಾಲಿ,
ಕೂತವರು ಎದ್ದ ಮೇಲೂ ಹಾಸಿಗೆಯಲ್ಲಿ ಉಳಿವ ಗುಳಿಯಂತೆ.
ಆಮೇಲೆ ಉಪ್ಪುನೀರು ಹಾಯಿಸಬೇಕು.
ಸೋಡಿಯಂಗೆ ಬಾಗಿಲು ಚಿಕ್ಕದು, ಪೊಟ್ಯಾಸಿಯಂಗೆ ಇನ್ನೂ ಚಿಕ್ಕದು.
ಮೆಗ್ನೀಸಿಯಂ ಮಾತ್ರ ಮೈ ಕುಗ್ಗಿಸಿಕೊಂಡು
ಹೊಸಿಲಲ್ಲಿ ಕಾಲಿಡುತ್ತದೆ.
ಸುಮುಖಿ ಮೇಡಂಗೆ ನಿದ್ದೆಗೆಡಿಸಿದ್ದು ಅದೇ.

ನನ್ನದು ರಾತ್ರಿ ಪಾಳಿ.
ಹನಿ.
ಎಣಿಸುತ್ತ ಕೂತಿರುತ್ತೇನೆ.
ಹನಿ.

ನಂಜನಗೂಡಿನಾಚೆ ನಮ್ಮ ಮೋಳೆ, ಉಪ್ಪಾರರ ಕೇರಿ.
ಅಜ್ಜಿ ಚೆನ್ನಾಜಮ್ಮ ಹೇಳುತ್ತಾಳೆ:
ಅವಳ ತಾತ ಸಿದ್ದಶೆಟ್ಟಿ ಚೌಳು ಮಣ್ಣು ಕೆರೆದು ತಂದು
ತೊಟ್ಟಿಯ ತಳಕ್ಕೆ ಹುಲ್ಲು ಹಾಸಿ, ನೀರು ಹುಯ್ದು
ಕೆಳಗೆ ತೊಟ್ಟಿಕ್ಕುವ ಕಂದು ರಸಕ್ಕೆ
ರಾತ್ರಿಯೆಲ್ಲ ಕಾವಲು ಕೂರುತ್ತಿದ್ದನಂತೆ.
ಸಮುದ್ರದ ಉಪ್ಪು ರೈಲು ಹತ್ತಿ ಬಂತು.
ತೊಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತು.

ಕಳೆದ ಭಾನುವಾರ ಒಂದು ಚಿಟಿಕೆ ಪುಡಿ
ಶೀಶೆಯಲ್ಲಿ ಒಯ್ದಿದ್ದೆ.
ಬಿಸಿನೀರು, ಸೋಡಾ ಬೆರೆಸಿದರೆ ತಳಕ್ಕಿಳಿಯುತ್ತೆ ಅಜ್ಜಿ,
ಕಾದಷ್ಟೂ ಕರಗಲ್ಲ ಇದು.
‘ಹಟಮಾರಿ, ನಿಮ್ಮಪ್ಪನಂಗೆ’ ಅಂದಳು.
ಬೆರಳು ನಾಲಿಗೆಗೆ ಹೋಗುವಷ್ಟರಲ್ಲಿ ಮಣಿಕಟ್ಟು ಹಿಡಿದೆ.
ತಿನ್ನೋದಲ್ಲ, ಗಾಡಿ ಓಡ್ಸೋದು.
‘ಉಪ್ಪು ತಿಂದೋರು ನೀರು ಕುಡೀಬೇಕು.
ತಿನ್ನದ ಉಪ್ಪು ಏಟು ಕುಡಿತದೆ?’

ಹೇಳಲೇ ಬೇಕಾಯಿತು:
ಮಣಿ ತೊಳೆಯಲು ಕಬಿನಿಯ ನೀರು,
ಎರಡು ಗ್ರಾಮಿಗೆ ಒಂದು ಬಿಂದಿಗೆ, ಈಗಿನ ಮಟ್ಟಿಗೆ.
ನಲವತ್ತು ಸಲ ಆದಮೇಲೆ ಮಣಿಗಳೂ ಸವೆಯುತ್ತವೆ,
ಆಮ್ಲ ಅವನ್ನೂ ಅಷ್ಟಷ್ಟು ತಿನ್ನುತ್ತದೆ.

ಅವಳು ಜಗಲಿಯ ನೆಲಕ್ಕೆ ಅಂಗೈ ಬಡಿದು ತೋರಿಸಿದಳು.
‘ಈ ದಿಬ್ಬ ಏನು ಅಂದ್ಕಂಡಿದ್ದೀಯೆ?
ಉಪ್ಪು ತೆಗೆದು ನಮ್ಮೋರು ಎಸೆದ ಮಣ್ಣು.
ಎಸೆದಿದ್ದರ ಮೇಲೇ ಮನೆ ಕಟ್ಕಂಡೊ.
ನೀವು ಮಿಕ್ಕಿದ್ನ ಎಲ್ಲಿಗ್ ಸುರಿತೀರಿ ಮಗ?’

ನಿನ್ನೆ ಒಂಬತ್ತನೇ ಕ್ಯಾನು ಮುಗಿಯಿತು.
ಮೇಡಂ ಫೋನಿನಲ್ಲಿ ನಗುತ್ತಿದ್ದರು, ನೂರಕ್ಕೆ ತೊಂಬತ್ತೊಂದು ಸಿಕ್ಕಿತ್ತು.
ಪುಡಿಯನ್ನು ಹತ್ತಿಯಲ್ಲಿ ಸುತ್ತಿ ಬೀರುವಿಗಿಟ್ಟೆ.
ಹಿತ್ತಲಲ್ಲಿ ನೀಲಿ ಡ್ರಮ್ಮುಗಳ ಸಾಲು, ಮೇಲೊಂದು ಬೆಕ್ಕು.
ತಂದ ಬಾವಿಗೇ ಇದು ಮರಳುವುದಿಲ್ಲ,
ಆ ಹಡಗಿಗೆ ಬರುವ ಚೀಟಿಯಷ್ಟೇ ಇತ್ತು.

ಹೊಸ ಡ್ರಮ್ಮಿಗೆ ಲೇಬಲ್ ಅಂಟಿಸಿದೆ.
ತಾರೀಖು ಬರೆದೆ, ತೂಕ ಬರೆದೆ, ನನ್ನ ಸಹಿ.
‘ಎಲ್ಲಿಗೆ’ ಅನ್ನುವ ಕಾಲಮ್ಮಿನ ಮೇಲೆ
ಪೆನ್ನು ಹಿಡಿದು ನಿಂತೆ,
ಶಾಯಿ ಒಂದು ಚುಕ್ಕೆಯಾಗಿ ಹಬ್ಬುವವರೆಗೆ.